ಮದ್ದು ಹೆಣ್ಣಿಗೆ ಹತ್ತಿತು, ಗಂಡಿಗೆ ಹತ್ತಲಿಲ್ಲ: ಜಂತುಹುಳು ಔಷಧಿ ಕೈಕೊಟ್ಟಾಗ ಕಾರಣ ಹುಡುಕುವ ಕ್ರಮ

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ಒಂದೇ ಹಿಂಡು, ಒಂದೇ ದಿನ, ಒಂದೇ ಬಾಟಲಿಯ ಔಷಧಿ. ಎರಡು ವಾರ ಬಿಟ್ಟು ಹಿಕ್ಕೆ ಪರೀಕ್ಷೆ ಮಾಡಿದರೆ ಹೆಣ್ಣುಗಳಲ್ಲಿ ಹುಳುವಿನ ಮೊಟ್ಟೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗಂಡುಗಳಲ್ಲಿ ಇನ್ನೂ ಧಾರಾಳವಾಗಿದೆ. ಕೆಲವು ಸಲ ಇದೇ ತಿರುಗುಮುರುಗು ಆಗುತ್ತದೆ. ಕುರಿ, ದನ, ನಾಯಿ, ಪ್ರಯೋಗಾಲಯದ ಇಲಿ, ಕಾಡಿನಲ್ಲಿ ಹಿಡಿದು ಬಿಟ್ಟ ಪ್ರಾಣಿ, ಎಲ್ಲದರಲ್ಲೂ ಈ ದೂರು ಬರುತ್ತದೆ.

ಕೇಳಿದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ‘ಹಾರ್ಮೋನ್’. ಗಂಡು ಹಾರ್ಮೋನ್ ರೋಗನಿರೋಧಕ ಶಕ್ತಿ ತಗ್ಗಿಸುತ್ತದೆ, ಅದಕ್ಕೇ ಮದ್ದು ಹತ್ತಲಿಲ್ಲ ಎಂದು ಮುಗಿಸಿಬಿಡುತ್ತಾರೆ. ಇಲ್ಲಿ ನಾನು ಹಾರ್ಮೋನಿಗೆ ಕೊನೆಯ ಸರದಿ ಕೊಟ್ಟಿದ್ದೇನೆ. ಅದಕ್ಕೂ ಮೊದಲು ತಳ್ಳಿಹಾಕಬೇಕಾದ ಕಾರಣಗಳು ಬಹಳ ಇವೆ. ಅವುಗಳಲ್ಲಿ ಹೆಚ್ಚಿನವನ್ನು ನೋಡಲು ಒಂದು ತಕ್ಕಡಿ, ಒಂದು ಕ್ಯಾಲೆಂಡರ್, ಒಂದು ಸೂಕ್ಷ್ಮದರ್ಶಕ ಸಾಕು.

ವ್ಯತ್ಯಾಸ ನಿಜವಾಗಿಯೂ ಇದೆಯೇ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಗಂಡುಗಳ ಲೆಕ್ಕ ಒಂದು ಕಡೆ, ಹೆಣ್ಣುಗಳ ಲೆಕ್ಕ ಇನ್ನೊಂದು ಕಡೆ ಮಾಡಿ, ‘ಹೆಣ್ಣುಗಳಲ್ಲಿ ಪರಿಣಾಮ ಸಾಬೀತಾಯಿತು, ಗಂಡುಗಳಲ್ಲಿ ಆಗಲಿಲ್ಲ, ಆದ್ದರಿಂದ ಎರಡೂ ಬೇರೆ’ ಎಂದು ಬರೆಯುವುದು ಬಹಳ ಹಳೆಯ ತಪ್ಪು. ಹೀಗೆ ಅಂದುಕೊಳ್ಳಿ. ಹೆಣ್ಣುಗಳಲ್ಲಿ ಮೊಟ್ಟೆ ಶೇ. 80ರಷ್ಟು ಇಳಿಯಿತು. ಅದರ ಅಂದಾಜಿನ ವ್ಯಾಪ್ತಿ (ನಿಜವಾದ ಇಳಿಕೆ ಇರಬಹುದಾದ ಮಿತಿ) ಶೇ. 60ರಿಂದ 90. ಗಂಡುಗಳಲ್ಲಿ ಶೇ. 55 ಇಳಿಯಿತು. ಅಲ್ಲಿ ವ್ಯಾಪ್ತಿ ಸೊನ್ನೆಗಿಂತ ಸ್ವಲ್ಪ ಕೆಳಗಿನಿಂದ ಹಿಡಿದು ಶೇ. 80ರವರೆಗೆ. ಗಂಡಿನ ವ್ಯಾಪ್ತಿಯೊಳಗೆ ಸೊನ್ನೆ ಸೇರಿದೆ, ನಿಜ. ಆದರೆ ಹೆಣ್ಣಿನ ಶೇ. 80 ಕೂಡ ಅದರೊಳಗೇ ಇದೆ! ಈ ಅಂಕಿಗಳಿಂದ ಗಂಡು ಹೆಣ್ಣು ಬೇರೆ ಎನ್ನಲು ಬರುವುದಿಲ್ಲ. ಗಂಡುಗಳ ಸಂಖ್ಯೆ ಕಡಿಮೆ ಇತ್ತು ಎನ್ನಬಹುದು, ಅಷ್ಟೇ. ಹಿಂಡಿನಲ್ಲಿ ಗಂಡು ಯಾವಾಗಲೂ ಕಡಿಮೆ ತಾನೇ?

ಸರಿಯಾದ ಪ್ರಶ್ನೆ ಒಂದೇ: ಎರಡು ಇಳಿಕೆಗಳ ನಡುವಿನ ಅಂತರ ಎಷ್ಟು, ಆ ಅಂತರದ ವ್ಯಾಪ್ತಿ ಎಷ್ಟು? ಎಲ್ಲಾ ಪ್ರಾಣಿಗಳನ್ನೂ ಒಂದೇ ಲೆಕ್ಕದಲ್ಲಿ ಹಾಕಿ, ಔಷಧಿ ಮತ್ತು ಲಿಂಗ ಒಂದರ ಮೇಲೊಂದು ಬೀರುವ ಪ್ರಭಾವವನ್ನು ನೇರವಾಗಿ ಪರೀಕ್ಷಿಸಬೇಕು.

ಇನ್ನೊಂದು ತೊಡಕು ಇದೆ. ಹುಳುಗಳು ಪ್ರಾಣಿಗಳ ನಡುವೆ ಸಮನಾಗಿ ಹಂಚಿಕೊಂಡಿರುವುದಿಲ್ಲ. ಹೆಚ್ಚಿನ ಪ್ರಾಣಿಗಳಲ್ಲಿ ಸ್ವಲ್ಪ ಇರುತ್ತವೆ, ನಾಲ್ಕಾರು ಪ್ರಾಣಿಗಳ ಹೊಟ್ಟೆಯಲ್ಲಿ ರಾಶಿ ಇರುತ್ತದೆ. ಗಂಡುಗಳ ಗುಂಪಿನಲ್ಲಿ ಅಂಥ ಒಂದು ಟಗರು ಸೇರಿಕೊಂಡರೆ ಇಡೀ ಗುಂಪಿನ ಸರಾಸರಿ ಅದರದ್ದೇ ಆಗಿಬಿಡುತ್ತದೆ. ಆದ್ದರಿಂದ ಸರಾಸರಿಗಿಂತ ಮೊದಲು ಒಂದೊಂದು ಪ್ರಾಣಿಯ ‘ಮೊದಲು–ನಂತರ’ ಅಂಕಿಯನ್ನು ಕಾಗದದ ಮೇಲೆ ಬರೆದು ಕಣ್ಣಿನಲ್ಲಿ ನೋಡಿ. ಒಂದೇ ಪ್ರಾಣಿ ಆಟ ಆಡುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ತೂಕ ನೋಡಿದ್ದೀರಾ, ಅಂದಾಜು ಮಾಡಿದ್ದೀರಾ?

ನನ್ನನ್ನು ಕೇಳಿದರೆ ದೂರುಗಳ ದೊಡ್ಡ ಪಾಲು ಇಲ್ಲೇ ಬಗೆಹರಿಯುತ್ತದೆ. ಕುರಿಗೆ ಐವರ್ಮೆಕ್ಟಿನ್ ಎಂಬ ಜಂತುಹುಳು ಔಷಧಿಯ ಪ್ರಮಾಣ ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ. 60 ಕಿಲೋ ಕುರಿಗೆ 12 ಮಿಲಿಗ್ರಾಂ. ಔಷಧಿ ಕುಡಿಸುವ ಅದೇ ಗನ್ನಿನಿಂದ, ಅದೇ ಗುರುತಿಗೆ ಇಟ್ಟು, 90 ಕಿಲೋ ಟಗರಿಗೂ ಕುಡಿಸಿದರೆ ಅದಕ್ಕೆ ಸಿಕ್ಕಿದ್ದು ಕಿಲೋಗೆ 133 ಮೈಕ್ರೋಗ್ರಾಂ. ಮೂರನೇ ಒಂದು ಪಾಲು ಖೋತಾ. ಈಗ ಗಂಡಿನಲ್ಲಿ ಮದ್ದು ಕೆಲಸ ಮಾಡಲಿಲ್ಲ ಎಂದರೆ ಅದರಲ್ಲಿ ಆಶ್ಚರ್ಯ ಏನಿದೆ?

ಗಂಡು ಹೆಣ್ಣಿಗಿಂತ ದೊಡ್ಡದಾಗಿರುವ ಎಲ್ಲಾ ಪ್ರಾಣಿಗಳಲ್ಲೂ ಇದು ಆಗುತ್ತದೆ. ‘ಹಿಂಡಿನ ಸರಾಸರಿ ತೂಕಕ್ಕೆ’ ಡೋಸ್ ಕಟ್ಟಿದರೆ ಕಡಿಮೆ ಬೀಳುವುದು ಯಾವಾಗಲೂ ಗಂಡಿಗೇ. ಗುಂಪಿನ ಅತಿ ಭಾರದ ಪ್ರಾಣಿಗೆ ತಕ್ಕಂತೆ ಡೋಸ್ ಇಡಬೇಕು ಎನ್ನುವ ನಿಯಮ ಇರುವುದೇ ಇದಕ್ಕೆ. ತೂಕದ ಅಂತರ ಜಾಸ್ತಿ ಇದ್ದರೆ ಗಂಡು ಹೆಣ್ಣನ್ನು ಬೇರೆ ಮಾಡಿ, ಎರಡು ಡೋಸ್ ಇಡಿ. ಮದ್ದು ಲೆವಮಿಸೋಲ್ ಆಗಿದ್ದರೆ ಬೇರೆ ಮಾಡಲೇಬೇಕು. ಅದರಲ್ಲಿ ಸರಿಯಾದ ಡೋಸಿಗೂ ವಿಷದ ಡೋಸಿಗೂ ನಡುವೆ ಇರುವ ಅಂತರ ಬಹಳ ಕಡಿಮೆ.

ಗನ್ ಸರಿಯಾಗಿ ಅಳೆಯುತ್ತಿದೆಯೇ ಎಂದೂ ನೋಡಿ. ಐದಾರು ಸಲ ಒಂದು ಅಳತೆ ಪಾತ್ರೆಗೆ ಒತ್ತಿ, ಒಟ್ಟು ಎಷ್ಟು ಬಂತು ಎಂದು ನೋಡಿದರೆ ಸಾಕು. ಔಷಧಿ ಹಾಕುವ ಸಾಲಿನಲ್ಲಿ ಗಂಡುಗಳು ಕೊನೆಗೆ ಬಂದವೇ? ಆಲ್ಬೆಂಡಜೋಲ್‌ನಂಥ ದ್ರವ ಔಷಧಿಗಳಲ್ಲಿ ಮದ್ದಿನ ಪುಡಿ ತಳಕ್ಕೆ ಇಳಿಯುತ್ತದೆ. ಬಾಟಲಿ ಅಲ್ಲಾಡಿಸದಿದ್ದರೆ ಮೊದಲು ಬಂದವಕ್ಕೂ ಕೊನೆಗೆ ಬಂದವಕ್ಕೂ ಸಿಕ್ಕ ಮದ್ದು ಒಂದೇ ಆಗಿರುವುದಿಲ್ಲ.

ಬಾಯಿಂದ ಕೊಟ್ಟಿದ್ದೋ, ಬೆನ್ನ ಮೇಲೆ ಸುರಿದಿದ್ದೋ?

ಬೆನ್ನ ಮೇಲೆ ಸುರಿಯುವ ಔಷಧಿ ಚರ್ಮದ ಮೂಲಕ ಒಳಗೆ ಹೋಗುತ್ತದೆ ಎಂದು ಬಾಟಲಿ ಮೇಲೆ ಬರೆದಿರುತ್ತದೆ. ದನಗಳ ಮಟ್ಟಿಗೆ ಇದು ಅರ್ಧ ಸತ್ಯ. ಸುರಿದ ಐವರ್ಮೆಕ್ಟಿನ್‌ನ ದೊಡ್ಡ ಪಾಲು ನೆಕ್ಕುವುದರಿಂದಲೇ ಹೊಟ್ಟೆ ಸೇರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಒಂದು ದನ ಇನ್ನೊಂದರ ಬೆನ್ನನ್ನೂ ನೆಕ್ಕುತ್ತದೆ. ಅಂದರೆ ಔಷಧಿ ಹಾಕದ ಹಸುವಿನ ರಕ್ತದಲ್ಲೂ ಔಷಧಿ ಸಿಗಬಹುದು. ಒಂಟಿಯಾಗಿ ಕಟ್ಟಿದ ಹೋರಿಗೆ ತನ್ನ ಮೈ ಮಾತ್ರ. ಕೊಟ್ಟಿಗೆಯಲ್ಲಿ ಒಟ್ಟಿಗಿರುವ ಹಸುಗಳಿಗೆ ಪಕ್ಕದವರದ್ದೂ ಸೇರುತ್ತದೆ. ಇಲ್ಲಿ ಬರುವ ವ್ಯತ್ಯಾಸ ಲಿಂಗದ್ದಲ್ಲ, ಕಟ್ಟುವ ಕ್ರಮದ್ದು. ಅನುಮಾನ ಬಂದರೆ ಮುಂದಿನ ಪರೀಕ್ಷೆಯನ್ನು ಬಾಯಿಂದ ಕೊಡುವ ಔಷಧಿಯಲ್ಲಿ ಮಾಡಿ.

ಬಾಯಿಂದ ಕೊಡುವಾಗ ಮೇವು ಎಷ್ಟು ತಿಂದಿತ್ತು ಎನ್ನುವುದು ಮುಖ್ಯವಾಗುತ್ತದೆ. ಹೊಟ್ಟೆಯಲ್ಲಿ ಮೇವು ನಿಧಾನವಾಗಿ ಸಾಗಿದರೆ ಆಲ್ಬೆಂಡಜೋಲ್ ಗುಂಪಿನ ಮದ್ದಿಗೆ ಒಳಗೆ ಹೀರಿಕೊಳ್ಳಲು ಜಾಸ್ತಿ ಹೊತ್ತು ಸಿಗುತ್ತದೆ. ಮೆಲುಕು ಹಾಕುವ ಪ್ರಾಣಿಗಳಿಗೆ ಡೋಸಿನ ಮುಂಚೆ ಮೇವು ಕಡಿಮೆ ಮಾಡುವುದು ಇದಕ್ಕೇ. ಹಾಲು ಕೊಡುವ ಹೆಣ್ಣು ಜಾಸ್ತಿ ತಿನ್ನುತ್ತದೆ, ಮೇವು ಬೇಗ ಸಾಗುತ್ತದೆ. ಬೆದೆ ಕಾಲದ ಟಗರಿಗೆ ಮೇವಿನ ಕಡೆ ಗಮನವೇ ಇರುವುದಿಲ್ಲ. ಒಂದೇ ಡೋಸ್ ಇಬ್ಬರ ಹೊಟ್ಟೆಯಲ್ಲೂ ಒಂದೇ ರೀತಿ ಇರಲು ಸಾಧ್ಯವಿಲ್ಲ.

ಎಣಿಕೆ ಮತ್ತು ದಿನಾಂಕ

ಮ್ಯಾಕ್‌ಮಾಸ್ಟರ್ ಎಂಬ ಎಣಿಕೆ ಗಾಜಿನಲ್ಲಿ ಕಣ್ಣಿಗೆ ಬಿದ್ದ ಒಂದು ಮೊಟ್ಟೆಯನ್ನು ಸಾಮಾನ್ಯವಾಗಿ ಗ್ರಾಂಗೆ 50 ಎಂದು ಲೆಕ್ಕ ಹಾಕುತ್ತಾರೆ. ಗ್ರಾಂಗೆ 150 ಎಂದು ಬರೆದಿದ್ದರೆ ಕಂಡಿದ್ದು ಬರೀ ಮೂರು ಮೊಟ್ಟೆ. ಔಷಧಿ ಹಾಕಿದ ಮೇಲೆ ಒಂದು ಮೊಟ್ಟೆ ಕಂಡರೂ ಇಳಿಕೆ ಶೇ. 67ಕ್ಕೆ ನಿಲ್ಲುತ್ತದೆ. ಇನ್ನೊಂದು ಪ್ರಾಣಿಯಲ್ಲಿ ಮೊದಲು 1,500 ಇತ್ತು, ಅಂದರೆ 30 ಮೊಟ್ಟೆ. ಅಲ್ಲೂ ನಂತರ ಒಂದೇ ಮೊಟ್ಟೆ ಕಂಡರೆ ಇಳಿಕೆ ಸುಮಾರು ಶೇ. 97. ಉಳಿದ ಮೊಟ್ಟೆ ಎರಡರಲ್ಲೂ ಒಂದೇ. ವರದಿಯಲ್ಲಿ ಮಾತ್ರ ಒಂದು ಸೋಲು, ಒಂದು ಗೆಲುವು. ಮೊದಲೇ ಕಡಿಮೆ ಹುಳು ಇದ್ದ ಲಿಂಗಕ್ಕೆ ಈ ರೀತಿ ಅನ್ಯಾಯ ಆಗುತ್ತಲೇ ಇರುತ್ತದೆ. ಪರಿಹಾರ ಸುಲಭ: ಹೆಚ್ಚು ಹಿಕ್ಕೆ ತೆಗೆದುಕೊಳ್ಳಿ, ಹೆಚ್ಚು ಗಾಜು ನೋಡಿ, ಗುಣಿಸಿದ ಅಂಕಿಯ ಪಕ್ಕದಲ್ಲಿ ಕಣ್ಣಿಗೆ ಕಂಡ ಮೊಟ್ಟೆಗಳ ಸಂಖ್ಯೆಯನ್ನೂ ಬರೆಯಿರಿ.

ಸಗಣಿಯ ಪ್ರಮಾಣವೂ ಆಟ ಆಡುತ್ತದೆ. ನಾವು ಎಣಿಸುವುದು ಒಂದು ಗ್ರಾಂನಲ್ಲಿರುವ ಮೊಟ್ಟೆಯನ್ನು. ಹೆಚ್ಚು ತಿಂದು ಹೆಚ್ಚು ಸಗಣಿ ಹಾಕುವ ಹಸುವಿನಲ್ಲಿ ಅಷ್ಟೇ ಹುಳು ಇದ್ದರೂ ಗ್ರಾಂ ಲೆಕ್ಕ ತೆಳುವಾಗುತ್ತದೆ.

ಇನ್ನು ದಿನಾಂಕ. 1992ರಲ್ಲಿ ಪಶುವೈದ್ಯ ಪರಾವಲಂಬಿ ವಿಜ್ಞಾನದ ಜಾಗತಿಕ ಸಂಘ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಕುರಿಗಳಲ್ಲಿ ಇಳಿಕೆ ಶೇ. 95ಕ್ಕಿಂತ ಕಡಿಮೆ ಇದ್ದು, ವ್ಯಾಪ್ತಿಯ ಕೆಳತುದಿಯೂ ಶೇ. 90ಕ್ಕಿಂತ ಕೆಳಗಿದ್ದರೆ ಹುಳುಗಳು ಔಷಧಿಗೆ ಒಗ್ಗಿಕೊಂಡಿವೆ ಎಂದು ತಿಳಿಯಬೇಕು. 2023ರಲ್ಲಿ ಅದನ್ನು ಪರಿಷ್ಕರಿಸಿದರು. ಎರಡನೇ ಮಾದರಿ ಯಾವಾಗ ತೆಗೆಯಬೇಕು ಎನ್ನುವುದು ಔಷಧಿಯ ಮೇಲೆ ನಿಂತಿದೆ. ಐವರ್ಮೆಕ್ಟಿನ್ ಆದರೆ 14ರಿಂದ 17 ದಿನ. ಬೇಗ ತೆಗೆದರೆ ಮೋಸ ಹೋಗುತ್ತೀರಿ. ಆ ಗುಂಪಿನ ಔಷಧಿ ಹೆಣ್ಣು ಹುಳುವನ್ನು ಕೊಲ್ಲದಿದ್ದರೂ ಕೆಲವು ದಿನ ಮೊಟ್ಟೆ ಇಡದಂತೆ ತಡೆಯಬಲ್ಲದು. ಹೆಣ್ಣು ಕುರಿಗಳ ಮಾದರಿಯನ್ನು ಏಳನೇ ದಿನ ತೆಗೆದು, ಸಿಟ್ಟಿನ ಟಗರುಗಳನ್ನು ಹಿಡಿಯಲು ಜನ ಸಿಕ್ಕ ಮೇಲೆ ಹದಿನೈದನೇ ದಿನ ತೆಗೆದರೆ, ವ್ಯತ್ಯಾಸ ಹುಟ್ಟಿಸಿದವರು ನೀವೇ.

ಗಬ್ಬ, ಬಾಣಂತನ, ಹಾಲು

ಹೆಣ್ಣು ಎನ್ನುವುದು ಒಂದೇ ಸ್ಥಿತಿ ಅಲ್ಲ. ಕುರಿ ಈಯುವ ಆಸುಪಾಸಿನಲ್ಲಿ ಅದರ ಮೈ ಹುಳುಗಳ ಮೇಲಿನ ಹಿಡಿತ ಸಡಿಲಿಸುತ್ತದೆ. ಮೊಟ್ಟೆ ಎಣಿಕೆ ಏರುತ್ತದೆ. ಮರಿ ಹಾಕುವ ಸ್ವಲ್ಪ ಮುಂಚೆ ಶುರುವಾಗುವ ಈ ಏರಿಕೆ ಮರಿ ಹಾಕಿ ಕೆಲವು ವಾರ ಇರುತ್ತದೆ. ಈ ಏರಿಕೆಯ ನಡುವೆ ಔಷಧಿ ಹಾಕಿದರೆ ಬದುಕುಳಿದ ನಾಲ್ಕು ಹುಳುಗಳೂ ಜೋರಾಗಿ ಮೊಟ್ಟೆ ಇಡುತ್ತವೆ, ಹೆಣ್ಣಿನಲ್ಲಿ ಮದ್ದು ಸೋತಂತೆ ಕಾಣುತ್ತದೆ. ಏರಿಕೆ ತಾನಾಗಿ ಇಳಿಯುವ ಹೊತ್ತಿಗೆ ಹಾಕಿದರೆ ಏನೂ ಮಾಡದ ಔಷಧಿಯೂ ಗೆದ್ದಂತೆ ಕಾಣುತ್ತದೆ. ಔಷಧಿ ಹಾಕದ ಒಂದು ಗುಂಪನ್ನು ಅದೇ ಸ್ಥಿತಿಯ ಹೆಣ್ಣುಗಳಿಂದಲೇ ಇಟ್ಟುಕೊಳ್ಳದಿದ್ದರೆ ಎರಡನ್ನೂ ಬಿಡಿಸಲು ಬರುವುದಿಲ್ಲ.

ಔಷಧಿ ಹಾಲಿಗೂ ಹೋಗುತ್ತದೆ. ಐವರ್ಮೆಕ್ಟಿನ್, ಮಾಕ್ಸಿಡೆಕ್ಟಿನ್ ಕೊಬ್ಬಿನಲ್ಲಿ ಕರಗುವಂಥವು. ಹಾಲಿನ ಕೊಬ್ಬಿನ ಜೊತೆ ಹೊರಗೆ ಹರಿಯುತ್ತವೆ. ಎಪ್ರಿನೋಮೆಕ್ಟಿನ್ ಹಾಲಿಗೆ ಬಹಳ ಕಡಿಮೆ ಹೋಗುತ್ತದೆ ಎಂದೇ ಅದನ್ನು ಹಾಲು ಕೊಡುವ ಹಸುಗಳಿಗೆ ಬಳಸುವುದು. ಆದ್ದರಿಂದ ‘ಗಂಡು–ಹೆಣ್ಣು’ ಎಂದು ಎರಡು ಕಾಲಂ ಹಾಕುವ ಬದಲು ಗಂಡು, ಗಬ್ಬವಿಲ್ಲದ ಹೆಣ್ಣು, ಗಬ್ಬದ ಹೆಣ್ಣು, ಹಾಲು ಕೊಡುವ ಹೆಣ್ಣು ಎಂದು ನಾಲ್ಕು ಹಾಕಿ. ಮೊದಲ ಎರಡು ಒಂದೇ ಥರ ಇದ್ದರೆ ಲಿಂಗದ ಮಾತು ಅಲ್ಲಿಗೆ ಮುಗಿಯಿತು. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಭ್ರೂಣಕ್ಕೆ ಅಪಾಯ. ಹಾಗಾಗಿ ಆ ಕುರಿಗಳನ್ನು ಎಷ್ಟೋ ಕಡೆ ಸುಮ್ನೆ ಪಟ್ಟಿಯಿಂದ ಬಿಟ್ಟಿರುತ್ತಾರೆ. ಉಳಿದ ಹೆಣ್ಣುಗಳು ಎಂಥವು ಎಂದು ಕೇಳಿಕೊಳ್ಳಿ.

ಬದುಕುಳಿದ ಹುಳುವೋ, ಹೊಸ ಹುಳುವೋ?

ಮದ್ದು ಹುಳುಗಳನ್ನು ಪೂರಾ ಕೊಂದಿರಬಹುದು, ಪ್ರಾಣಿ ಮತ್ತೆ ಹೊಸ ಹುಳು ತಂದುಕೊಂಡಿರಬಹುದು. ಇದನ್ನು ಬಿಡಿಸಲು ಕ್ಯಾಲೆಂಡರ್ ಸಾಕು. ಮರಿಹುಳು ಒಳಗೆ ಹೋಗಿ ಬೆಳೆದು ಮೊಟ್ಟೆ ಇಡಲು ಇಷ್ಟು ದಿನ ಬೇಕು ಎಂದಿರುತ್ತದೆ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹೀಮಾಂಕಸ್ ಹುಳುವಿಗೆ ಸುಮಾರು ಮೂರು ವಾರ. ಔಷಧಿ ಹಾಕಿದ ಹದಿನಾಲ್ಕನೇ ದಿನ ಸಿಕ್ಕ ಅದರ ಮೊಟ್ಟೆ ಬದುಕುಳಿದ ಹುಳುವಿನದ್ದೇ ಹೊರತು ಹೊಸದ್ದಲ್ಲ. ಐದನೇ ವಾರ ಸಿಕ್ಕಿದರೆ ಏನೂ ಹೇಳಲಾಗದು. ಕಾಡಿನ ಇಲಿಗಳ ಹೆಲಿಗ್ಮೋಸೊಮಾಯ್ಡಿಸ್ ಹುಳುವಿಗೆ ಸುಮಾರು ಹತ್ತು ದಿನ ಸಾಕು. ಅಲ್ಲಿ ಎರಡು ವಾರವೇ ತಡವಾಯಿತು.

ಗಂಡು ಇಲಿಗಳು ಹೆಚ್ಚು ದೂರ ಅಲೆಯುತ್ತವೆ, ಬೇಗ ಹುಳು ಹತ್ತಿಸಿಕೊಳ್ಳುತ್ತವೆ. ಇಲ್ಲಿ ಒಂದು ಸೊಗಸಾದ ಪ್ರಯೋಗ ನೆನಪಾಗುತ್ತದೆ. ಇಟಲಿಯ ಆಲ್ಪ್ಸ್‌ನಲ್ಲಿ ಹಳದಿ ಕತ್ತಿನ ಇಲಿಗಳ ಮೇಲೆ ಮಾಡಿದ್ದು, 2004ರಲ್ಲಿ ಪ್ರಕಟವಾಯಿತು. ಕೆಲವು ಜಾಗಗಳಲ್ಲಿ ಗಂಡುಗಳಿಗೆ ಮಾತ್ರ ಜಂತುಹುಳು ಔಷಧಿ ಕೊಟ್ಟರು, ಕೆಲವು ಕಡೆ ಹೆಣ್ಣುಗಳಿಗೆ ಮಾತ್ರ. ಗಂಡುಗಳಿಗೆ ಕೊಟ್ಟ ಕಡೆ ಔಷಧಿಯೇ ಕಾಣದ ಹೆಣ್ಣುಗಳಲ್ಲೂ ಹುಳು ಇಳಿಯಿತು. ಹೆಣ್ಣುಗಳಿಗೆ ಕೊಟ್ಟ ಕಡೆ ಗಂಡುಗಳಲ್ಲಿ ಹಾಗೆ ಇಳಿಯಲಿಲ್ಲ. ಅಂದರೆ ಆ ಕಾಡಿನಲ್ಲಿ ಹುಳು ಹರಡುವ ಕೆಲಸ ಹೆಚ್ಚಾಗಿ ಗಂಡುಗಳದ್ದು.

ದೋಷ ಹುಡುಕುವವರಿಗೆ ಇದರಲ್ಲಿ ನೇರ ಪಾಠ ಇದೆ. ಔಷಧಿ ಹಾಕಿದ ಮತ್ತು ಹಾಕದ ಪ್ರಾಣಿಗಳು ಒಂದೇ ಹುಲ್ಲಿನಲ್ಲಿ ಮೇಯುತ್ತಿದ್ದರೆ ‘ಹಾಕದ ಗುಂಪು’ ಕೂಡ ಬದಲಾಗುತ್ತದೆ. ಹೆಣ್ಣುಗಳಲ್ಲಿ ಕಂಡ ಇಳಿಕೆಯ ಒಂದು ಪಾಲು ಗಂಡುಗಳಿಗೆ ಕೊಟ್ಟ ಮದ್ದಿನಿಂದ ಬಂದಿರಬಹುದು.

ಇದು ಯಾವ ಹುಳು?

ಗಂಡು ಹೆಣ್ಣು ಬೇರೆ ಬೇರೆ ಕಡೆ ಮೇಯ್ದರೆ ಹೊಟ್ಟೆಯಲ್ಲಿರುವ ಹುಳುಗಳ ಜಾತಿಯೂ ಬೇರೆ ಇರಬಹುದು. ಮೊಟ್ಟೆಗಳು ನೋಡಲು ಒಂದೇ ಥರ, ಔಷಧಿಗೆ ಬಗ್ಗುವುದು ಬೇರೆ ಥರ. ದನಗಳಲ್ಲಿ ಐವರ್ಮೆಕ್ಟಿನ್‌ಗೆ ಸುಲಭವಾಗಿ ಬಗ್ಗದ ಹುಳು ಕೂಪೀರಿಯಾ. ಹಿಕ್ಕೆಯನ್ನು ಬೆಚ್ಚಗೆ ಇಟ್ಟು ಮರಿಹುಳು ಹೊರಡಿಸಿ ಜಾತಿ ಗುರುತಿಸಿದರೆ ವಿಷಯ ಸ್ಪಷ್ಟವಾಗುತ್ತದೆ.

ಹುಳುವಿಗೂ ಲಿಂಗ ಇದೆ ಎನ್ನುವುದನ್ನು ಮರೆಯುತ್ತೇವೆ. ರಕ್ತನಾಳದಲ್ಲಿ ಬದುಕುವ ಶಿಸ್ಟೋಸೋಮಾ ಮ್ಯಾನ್ಸೋನಿ ಹುಳುವಿನಲ್ಲಿ ಆಕ್ಸಾಮ್ನಿಕ್ವಿನ್ ಎಂಬ ಮದ್ದು ಗಂಡು ಹುಳುವನ್ನು ಹೆಣ್ಣು ಹುಳುವಿಗಿಂತ ಸುಲಭವಾಗಿ ಕೊಲ್ಲುತ್ತದೆ. ವರದಿಯಲ್ಲಿ ‘ಲಿಂಗ ವ್ಯತ್ಯಾಸ’ ಎಂದು ಕಂಡಾಗ ಪ್ರಾಣಿಯದ್ದೋ ಹುಳುವಿನದ್ದೋ ಎಂದು ಮೊದಲು ನೋಡಿಕೊಳ್ಳಿ.

ಈಗ ಹಾರ್ಮೋನಿನ ಸರದಿ

ಇಷ್ಟೆಲ್ಲಾ ದಾಟಿಯೂ ವ್ಯತ್ಯಾಸ ಉಳಿದರೆ ಅದು ಮೈಯೊಳಗಿನದ್ದು. ಅದಕ್ಕೆ ಗಟ್ಟಿ ಆಧಾರ ಇದೆ. ಬೆಳೆದ ಇಲಿಗಳಲ್ಲಿ (ರ್‍ಯಾಟ್) ಯಕೃತ್ತು ಔಷಧಿ ಒಡೆಯುವ ರೀತಿ ಗಂಡಿನಲ್ಲೇ ಬೇರೆ, ಹೆಣ್ಣಿನಲ್ಲೇ ಬೇರೆ. 1932ರಷ್ಟು ಹಿಂದೆಯೇ ನಿದ್ರೆ ಬರಿಸುವ ಬಾರ್ಬಿಟ್ಯುರೇಟ್ ಔಷಧಿ ಹೆಣ್ಣು ಇಲಿಗೆ ಗಂಡಿಗಿಂತ ಬಹಳ ಕಡಿಮೆ ಸಾಕು ಎಂದು ಕಂಡಿದ್ದರು. ಕಾರಣ ಬೆಳವಣಿಗೆಯ ಹಾರ್ಮೋನ್. ಗಂಡಿನಲ್ಲಿ ಅದು ಬಿಟ್ಟು ಬಿಟ್ಟು ಅಲೆಯಾಗಿ ಬರುತ್ತದೆ, ಹೆಣ್ಣಿನಲ್ಲಿ ಸದಾ ಸಣ್ಣಗೆ ಹರಿಯುತ್ತಿರುತ್ತದೆ. ಆ ಲಯ ನೋಡಿ ಯಕೃತ್ತು ಯಾವ ಕಿಣ್ವ ಎಷ್ಟು ತಯಾರಿಸಬೇಕೆಂದು ತೀರ್ಮಾನಿಸುತ್ತದೆ. ಆದರೆ ಇಲಿಯಷ್ಟು ದೊಡ್ಡ ವ್ಯತ್ಯಾಸ ಉಳಿದ ಪ್ರಾಣಿಗಳಲ್ಲಿ ಕಾಣುವುದಿಲ್ಲ. ಇಲಿಯ ಫಲಿತಾಂಶ ತಂದು ಕುರಿಗೆ ಅಂಟಿಸುವ ಅಭ್ಯಾಸ ನನಗೆ ಒಪ್ಪಿಗೆ ಇಲ್ಲ.

ನಾಯಿಗಳಲ್ಲಿ ಚರ್ಮದ ಮೇಲೆ ಹಾಕುವ ಸೆಲಮೆಕ್ಟಿನ್ ಹೆಣ್ಣಿನ ರಕ್ತದಲ್ಲಿ ಗಂಡಿಗಿಂತ ಜಾಸ್ತಿ ಸಿಕ್ಕಿದೆ. ಕೊಬ್ಬು ಜಾಸ್ತಿ ಇರುವ ಮೈಯಲ್ಲಿ ಐವರ್ಮೆಕ್ಟಿನ್‌ನಂಥವು ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತವೆ. ಹಾಗಾಗಿ ತೂಕದ ಜೊತೆ ಮೈ ತುಂಬಿರುವ ಮಟ್ಟವನ್ನೂ ಬರೆದಿಟ್ಟುಕೊಳ್ಳಿ. ಹೆಣ್ಣಿಗೆ ಕೊಬ್ಬು ಜಾಸ್ತಿ ಎಂದು ಊಹಿಸಬೇಡಿ, ಮುಟ್ಟಿ ನೋಡಿ.

ಗಂಡು ಹಾರ್ಮೋನ್ ಆದ ಟೆಸ್ಟೋಸ್ಟಿರೋನ್ ಪಾತ್ರವೂ ಇದೆ. ಬ್ರಿಟನ್ನಿನ ರೆಡ್ ಗ್ರೌಸ್ ಹಕ್ಕಿಗಳಲ್ಲಿ ಗಂಡಿಗೆ ಆ ಹಾರ್ಮೋನ್ ಹೆಚ್ಚಿಸಿದಾಗ ಕರುಳಿನ ಹುಳು ಹೆಚ್ಚಾಯಿತು. ಮದ್ದು ಮುಕ್ಕಾಲು ಪಾಲು ಹುಳು ಕೊಂದರೆ ಉಳಿದದ್ದನ್ನು ಮೈಯೇ ನೋಡಿಕೊಳ್ಳಬೇಕು. ಆ ಕೆಲಸದಲ್ಲಿ ಗಂಡು ಹಿಂದೆ ಬೀಳುವ ಸಾಧ್ಯತೆ ಇದೆ. ಪರೀಕ್ಷಿಸುವ ದಾರಿ ಕೂಡ ಇದೆ: ಬೀಜ ಒಡೆದ ಗಂಡುಗಳು ಹಿಂಡಿನಲ್ಲಿದ್ದರೆ ಅವುಗಳನ್ನು ಮೂರನೇ ಗುಂಪು ಮಾಡಿ. ಅವು ಹೆಣ್ಣಿನಂತೆ ಸ್ಪಂದಿಸಿದರೆ ಗಂಡು ಹಾರ್ಮೋನಿನ ಮೇಲೆ ಅನುಮಾನ ಪಡಲು ಕಾರಣ ಸಿಕ್ಕಿತು. ಬೀಜದ ಗಂಡಿನಂತೆಯೇ ಸ್ಪಂದಿಸಿದರೆ ತೂಕ, ಮೇವು, ಜಾಗ ಇವುಗಳ ಕಡೆ ಹಿಂತಿರುಗಿ.

ಅಳೆದದ್ದೇ ತಪ್ಪಾಗಿದ್ದರೆ

ಕೆಲವು ಸಲ ಹುಳು ಎರಡೂ ಕಡೆ ಇಳಿದಿರುತ್ತದೆ, ಲಾಭ ಮಾತ್ರ ಒಂದು ಕಡೆ ಕಾಣುತ್ತದೆ. ‘ಗಂಡಿನ ತೂಕ ಏರಿತು, ಹೆಣ್ಣಿನದ್ದು ಏರಲಿಲ್ಲ’ ಎನ್ನುತ್ತಾರೆ. ಹುಳುವಿನಿಂದ ಉಳಿದ ಶಕ್ತಿಯನ್ನು ಹೆಣ್ಣು ಹಾಲಿಗೋ ಮರಿಗೋ ಹಾಕಿರಬಹುದು. ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಹೆಣ್ಣು ಹಿಮಸಾರಂಗಗಳಿಗೆ ಔಷಧಿ ಕೊಟ್ಟು ನೋಡಿದಾಗ ಹುಳುವಿನ ಪೆಟ್ಟು ಬೀಳುತ್ತಿದ್ದುದು ಮರಿ ಹಾಕುವುದರ ಮೇಲೆ ಎಂದು ತಿಳಿಯಿತು. ತಕ್ಕಡಿ ಒಂದನ್ನೇ ನಂಬಿದ್ದರೆ ಈ ಪೆಟ್ಟು ಪೂರಾ ಕಾಣುತ್ತಿರಲಿಲ್ಲ.

ಕೊನೆಗೂ ಬಿಡಿಸಲಾಗದಿದ್ದರೆ

ರಕ್ತ ಪರೀಕ್ಷೆಗೆ ದಾರಿ ಇದ್ದರೆ, ಸರಿಯಾಗಿ ತೂಗಿ ಡೋಸ್ ಕೊಟ್ಟ ಕೆಲವು ಗಂಡು, ಕೆಲವು ಗಬ್ಬವಿಲ್ಲದ ಹೆಣ್ಣುಗಳಿಂದ ಹಲವು ದಿನ ರಕ್ತ ತೆಗೆದು ಔಷಧಿಯ ಮಟ್ಟ ನೋಡಿಸಿ. ಒಂದೇ ದಿನದ ಮಾದರಿ ಸಾಲದು, ಏರಿಳಿತ ಪೂರಾ ಬೇಕು. ಎರಡು ಲಿಂಗದಲ್ಲೂ ಮಟ್ಟ ಒಂದೇ ಇದ್ದು ಮೊಟ್ಟೆ ಮಾತ್ರ ಬೇರೆ ಇದ್ದರೆ ಹುಳುವಿನ ಜಾತಿ, ಹೊಸ ಸೋಂಕು, ರೋಗನಿರೋಧಕ ಶಕ್ತಿ ಇವುಗಳನ್ನು ನೋಡಿ. ಮಟ್ಟವೇ ಬೇರೆ ಇದ್ದರೆ ಹೀರಿಕೊಳ್ಳುವುದು, ಕೊಬ್ಬು, ಯಕೃತ್ತು ಇವುಗಳ ಕಡೆ ಹೋಗಿ. ಮಟ್ಟ ಬೇರೆ ಇದ್ದೂ ಹುಳು ಎರಡೂ ಕಡೆ ಸತ್ತಿದ್ದರೆ ಸದ್ಯಕ್ಕೆ ಏನೂ ಮಾಡಬೇಕಿಲ್ಲ. ಗಂಡಿಗೆ ಡೋಸ್ ಏರಿಸುವ ಯೋಚನೆ ಬಂದರೆ ಪಶುವೈದ್ಯರನ್ನು ಕೇಳದೆ ಮಾಡಬೇಡಿ. ಡೋಸ್ ಬದಲಾದರೆ ಮಾಂಸದಲ್ಲಿ ಔಷಧಿ ಉಳಿಯುವ ದಿನಗಳ ಲೆಕ್ಕವೂ ಬದಲಾಗುತ್ತದೆ, ಬಾಟಲಿ ಮೇಲೆ ಬರೆದ ಕಾಯುವ ಅವಧಿ ಆಗ ಅನ್ವಯಿಸುವುದಿಲ್ಲ.